ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ‘ಪೆಟ್ರೋಲ್ ಬರ್ತಿಲ್ಲ’ ಅಂದರು, ನಾನು ನಂಬಿದೆ

ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ. 15 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಆದರೂ ಇಷ್ಟು ಸುಲಭಕ್ಕೆ ಟೋಪಿ ಹಾಕಿಸಿಕೊಂಡೆ. ಬರೆದರಾದರೂ ಹೊಟ್ಟೆ ಉರಿ ಸ್ವಲ್ಪ ತಣ್ಣಗಾಗುತ್ತದೇನೋ ನೋಡೋಣ.

ಆಗಿದ್ದು ಇಷ್ಟೇ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿತ್ತು. ಪಕ್ಕದ ಗಾಡಿಗೆ ದಾರಿ ಬಿಡೋಕೆ ಅಂತ ಸ್ಟಾರ್ಟ್ ಮಾಡಿ, ಹತ್ತಡಿ ಹಿಂದೆ ತೆಗೆದು, ತಕ್ಷಣ ಆಫ್ ಮಾಡಿದೆ. ಆಮೇಲೆ ಆಫೀಸಿಗೆ ಹೊರಡೋಣ ಅಂತ ಕೀ ತಿರುಗಿಸಿದರೆ ಸ್ಟಾರ್ಟರ್ ಜೋರಾಗಿಯೇ ತಿರುಗುತ್ತಿದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಲೇಟ್ ಆಗುತ್ತಿದೆ ಅನ್ನೋ ಸಿಟ್ಟಿನಲ್ಲಿ ಮತ್ತೆ ಮತ್ತೆ ತಿರುಗಿಸಿದೆ, ಅರ್ಧ ಗಂಟೆ ಅದನ್ನೇ ಮಾಡಿದೆ. ಕಾರೆಲ್ಲ ಪೆಟ್ರೋಲ್ ವಾಸನೆ. ಈ ವಾಸನೆ ನೆನಪಿಟ್ಟುಕೊಳ್ಳಿ.

ಗ್ಯಾರೇಜಿನವನಿಗೆ ಫೋನ್ ಮಾಡಿದೆ. ಬಂದ, ಬಾನೆಟ್ ಎತ್ತಿದ, ಒಂದು ಸಲ ಕೀ ತಿರುಗಿಸಿ ಕ್ರ್ಯಾಂಕ್ ಮಾಡಿದ, ಎರಡೇ ನಿಮಿಷದಲ್ಲಿ ತೀರ್ಪು. “ಸರ್, ಫ್ಯೂಯಲ್ ಪಂಪ್ ಹೋಗಿದೆ. ಎಂಜಿನ್‌ಗೆ ಪೆಟ್ರೋಲೇ ಬರ್ತಿಲ್ಲ.”

“ಇಷ್ಟು ವಾಸನೆ ಹೊಡೀತಿದೆಯಲ್ಲಪ್ಪ?” ಅಂತ ಕೇಳಿದೆ. ಕೇಳಿದ್ದೇನೋ ಕೇಳಿದೆ!

“ಅದೇ ಸರ್, ಪಂಪ್ ಹತ್ರ ಲೀಕ್ ಇರುತ್ತೆ. ಬೆಂಕಿ ಗಿಂಕಿ ಹತ್ಕೊಂಡ್ರೆ ಕಷ್ಟ.”

ಬೆಂಕಿ ಅಂದ ತಕ್ಷಣ ನನ್ನ ಬಾಯಿ ಬಂದ್. ಟೋ ಮಾಡಿಕೊಂಡು ಹೋದರು. ಸಂಜೆ ಹೋಗಿ ನೋಡಿದರೆ ಹೊಸ ಪಂಪ್, ಪೆಟ್ರೋಲ್ ಹೊತ್ತಿಸೋಕೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಹೊಸದು, ಕೇಳದೇ ಹಾಕಿದ ಹೊಸ ಬ್ಯಾಟರಿ. “ಬ್ಯಾಟರಿ ವೀಕ್ ಇತ್ತು ಸರ್” ಅಂದ. ಇರದೆ ಏನು, ಅರ್ಧ ಗಂಟೆ ಸ್ಟಾರ್ಟರ್ ತಿರುಗಿಸಿ ನಾನೇ ಇಳಿಸಿದ್ದೆ, ಚಾರ್ಜ್ ಮಾಡಿದ್ದರೆ ಸಾಕಿತ್ತು. “ಪ್ಲಗ್ ಎಲ್ಲಾ ಪೆಟ್ರೋಲಲ್ಲಿ ನೆಂದುಬಿಟ್ಟಿತ್ತು ಸರ್” ಅಂತಲೂ ಅವನೇ ಹೇಳಿದ. ಬೆಳಿಗ್ಗೆ ಪೆಟ್ರೋಲೇ ಬರ್ತಿಲ್ಲ ಅಂದವನು! ನಾನು ತಲೆ ಆಡಿಸಿ ದುಡ್ಡು ಕೊಟ್ಟೆ. ಆ ಘಳಿಗೆ ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮೂರು ವಾರ ಆಗಿಲ್ಲ, ಮತ್ತೆ ಅದೇ ಕಥೆ. ಕಾರು ತೊಳೆಯೋಕೆ ಅಂತ ಸ್ವಲ್ಪ ಮುಂದೆ ತೆಗೆದು ಆಫ್ ಮಾಡಿದ್ದೆ. ಅವತ್ತು ಭಾವ ಮನೆಗೆ ಬಂದಿದ್ದರು. ವಾಸನೆ ನೋಡಿದವರೇ, “ಪೆಟ್ರೋಲ್ ಜಾಸ್ತಿ ಹೋಗಿ ಎಂಜಿನ್ ಫ್ಲಡ್ ಆಗಿದೆ ಕಣೋ, ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡ್ಕೋ. ಬಿಟ್ಟು ಬಿಟ್ಟು ಒತ್ತಬೇಡ. ಹಾಗೇ ಕ್ರ್ಯಾಂಕ್ ಮಾಡು” ಅಂದರು. ಏಳೆಂಟು ಸೆಕೆಂಡ್, ಏನೂ ಆಗಲಿಲ್ಲ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಗೊರಗೊರ ಅಂತು, ಹಿಂದೆ ಕಪ್ಪು ಹೊಗೆ ಬಂತು, ಹಿಡಿಯಿತು! ಕಾಲು ನಿಧಾನಕ್ಕೆ ತೆಗೆದೆ. ಇಷ್ಟೇ. ಇಷ್ಟಕ್ಕೆ ನಾನು ಪಂಪ್ ಹಾಕಿಸಿದ್ದೆ.

ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದಂತೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಕೆಲವು ಸಲ ಪ್ಲಗ್ ಒದ್ದೆಯಾಗಿ ಕಿಡಿ ಹಾರುವುದಿಲ್ಲ. ಫ್ಯೂಯಲ್ ಇಂಜೆಕ್ಷನ್ (ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಬಹಳಷ್ಟು ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಒಳಗೆ ಬಿಡುತ್ತದೆ, ಪ್ಲಗ್ ಒಣಗುತ್ತದೆ. ಅವತ್ತು ಟೋ ಮಾಡಿ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಪೆಟ್ರೋಲ್ ಆರಿಹೋಗಿ, ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟಿದ್ದರೆ ತಾನಾಗೇ ಸ್ಟಾರ್ಟ್ ಆಗುತ್ತಿತ್ತೇನೋ, ಯಾರಿಗೆ ಗೊತ್ತು.

ಗ್ಯಾರೇಜಿನವನಿಗೆ ಫೋನ್ ಹಚ್ಚಿದೆ. ಉತ್ತರ ಕೇಳಿ.

“ಹೊಸ ಪಂಪ್ ಹಾಕಿದ್ದಕ್ಕೇ ಸರ್ ಈಗ ಸ್ಟಾರ್ಟ್ ಆಗಿದ್ದು.”

ಹಾಗಾದರೆ ನಿಂತಿದ್ದು ಯಾಕಪ್ಪ?

“ಅದು ಬೇರೆ ಪ್ರಾಬ್ಲಮ್ ಸರ್. ತಗೊಂಡ್ ಬನ್ನಿ, ನೋಡೋಣ.”

ಪೆಟ್ರೋಲ್ ಬರದಿದ್ದರೆ ಪ್ಲಗ್ ನೆಂದಿದ್ದು ಹೇಗೆ ಅಂದೆ. “ಸರ್, ಮೊಬೈಲ್ ನೋಡ್ಕೊಂಡು ನಮಗೆ ಕೆಲಸ ಹೇಳಿಕೊಡಬೇಡಿ” ಅಂತ ಕಟ್ ಮಾಡಿದ.

ಆದ್ದರಿಂದ, ವಾಸನೆ ಜೋರಾಗಿದ್ದಾಗ ಯಾರಾದರೂ ಪಂಪ್ ಹೋಗಿದೆ ಅಂದರೆ ಮೊದಲು ಜಗಳ ಮಾಡಿ. ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆ ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತದಲ್ಲ, ಸಾಮಾನ್ಯವಾಗಿ ಅದೇ ಪಂಪ್ ಸದ್ದು. ಅವತ್ತು ನನಗೆ ಅದೂ ಕೇಳಿಸಿತ್ತು! ಒಂದೇ ಸಮ 10 ಸೆಕೆಂಡಿಗಿಂತ ಜಾಸ್ತಿ ತಿರುಗಿಸಬೇಡಿ, ಸ್ಟಾರ್ಟರ್ ಸುಡುತ್ತದೆ. ಹಿಡಿಯದಿದ್ದರೆ ಬಾನೆಟ್ ತೆಗೆದಿಟ್ಟು 20 ನಿಮಿಷ ಸುಮ್ನೆ ಕೂತ್ಕೊಳ್ಳಿ. ಕಾರಿನ ಕೆಳಗೆ ಪೆಟ್ರೋಲ್ ಹನಿ ಬೀಳುತ್ತಿದ್ದರೆ ಅದು ನಿಜವಾದ ಲೀಕ್, ಕೀ ಮುಟ್ಟಲೇಬೇಡಿ. ಮಳೆ ನೀರಲ್ಲಿ ಮುಳುಗಿದ ಕಾರಿಗೂ ಪೆಡಲ್ ಒತ್ತಿ ಕ್ರ್ಯಾಂಕ್ ಮಾಡುವ ಈ ಉಪಾಯ ಮಾಡಬೇಡಿ, ಒಳಗೆ ನೀರಿದ್ದಾಗ ಕ್ರ್ಯಾಂಕ್ ಮಾಡಿದರೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗಿಹೋಗಬಹುದು. ಡೀಸೆಲ್‌ನವರಿಗೆ ಈ ಕಥೆಯೇ ಬೇಡ, ಅದರಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ.

ಬಿಚ್ಚಿದ ಪಾರ್ಟ್ ಅವತ್ತೇ ಕೈಗೆ ಇಸ್ಕೊಳ್ಳಿ. ನನ್ನ ಹಳೇ ಪಂಪ್ ಇನ್ನೂ ಕೊಟ್ಟಿಲ್ಲ. ಮೊದಲು ‘ಗುಜರಿಗೆ ಹೋಯ್ತು’ ಅಂದರು. ನಿನ್ನೆ ಕೇಳಿದರೆ ‘ಹುಡುಗ ಎಲ್ಲೋ ಇಟ್ಟಿದ್ದಾನೆ ಸರ್, ಅವನು ರಜದಲ್ಲಿದ್ದಾನೆ’.