ನೀರು ನಿಲ್ಲದ ವಾಷಿಂಗ್ ಮಷಿನ್‌ಗೆ ಪೇಟೆಯ ಲೋಕಲ್ ವಾಲ್ವ್: ಹಾಕಬಹುದೇ?

ಮಂಗಳೂರು, ಉಡುಪಿಯ ಸ್ಪೇರ್‌ಪಾರ್ಟ್ ಅಂಗಡಿಗಳಲ್ಲಿ ವಾಷಿಂಗ್ ಮಷಿನ್‌ನ ಇನ್ಲೆಟ್ ವಾಲ್ವ್ (ನಳ್ಳಿಯ ನೀರನ್ನು ಟಬ್‌ಗೆ ಬಿಟ್ಟು ನಿಲ್ಲಿಸುವ ಭಾಗ) ಎರಡು ಬಗೆಯದ್ದು ಸಿಗುತ್ತದೆ. ಕಂಪನಿಯ ಪಾರ್ಟ್ ನಂಬರ್ ಇರುವ ಪೆಟ್ಟಿಗೆಯದ್ದು ಒಂದು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬರುವ ‘ಲೋಕಲ್’ ಇನ್ನೊಂದು. ಲೋಕಲ್‌ನದ್ದು ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯೊಳಗೆ ಮುಗಿಯುತ್ತದೆ. ನೋಡಿ ಆರಿಸಿದರೆ ಈ ವಾಲ್ವ್ ಹಾಕಲು ಅಡ್ಡಿಯಿಲ್ಲ. ಅದೇ ಕೌಂಟರಿನಲ್ಲಿ ಸಿಗುವ, ನೀರಿನ ಮಟ್ಟ ಅಳೆಯುವ ಲೋಕಲ್ ಪ್ರೆಶರ್ ಸೆನ್ಸರ್ ಮಾತ್ರ ಬೇಡ. ಕಾರಣ ಮುಂದೆ ಬರುತ್ತದೆ. ಮೊದಲು, ಹಾಳಾದದ್ದು ವಾಲ್ವೇ ಹೌದಾ ಎಂದು ತಿಳಿಯಬೇಕು. ಟಬ್ ತುಂಬಿ ತುಳುಕುವುದಕ್ಕೆ ಕಾರಣ ನಾಲ್ಕೈದು ಇರುತ್ತವೆ.

ಮಷಿನ್ ನೀರು ಎಳೆಯುತ್ತಿರುವಾಗಲೇ ಪ್ಲಗ್ ಕೀಳಿ. ಬಟನ್ ಒತ್ತಿ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಆಮೇಲೂ ನೀರು ಸುರಿಯುತ್ತಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ, ಬೇರೆ ವಿಚಾರಣೆ ಬೇಡ. ನೀರು ನಿಂತರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ, ಅದಕ್ಕೆ ಕರೆಂಟ್ ಕೊಡುತ್ತಲೇ ಇರುವುದು ಬೇರೆ ಯಾವುದೋ. ರಾತ್ರಿ ಖಾಲಿ ಬಿಟ್ಟ ಟಬ್‌ನಲ್ಲಿ ಬೆಳಿಗ್ಗೆ ಒಂದೆರಡು ಚೆಂಬು ನೀರು ನಿಂತಿದ್ದರೆ ಅದೂ ವಾಲ್ವ್‌ನದೇ ದೋಷ, ಈಗಷ್ಟೇ ಸುರುವಾಗಿದೆ ಎಂದರ್ಥ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಇದನ್ನೂ ಮಾಡದೆ ‘ಬೋರ್ಡ್ (ಮಷಿನನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ) ಹೋಗಿದೆ’ ಎನ್ನುವ ಮೆಕ್ಯಾನಿಕ್‌ಗೆ ಚಾ ಕೊಟ್ಟು ಕಳುಹಿಸಿಬಿಡಿ.

ವಾಲ್ವ್ ಯಾಕೆ ಮುಚ್ಚುವುದಿಲ್ಲ? ಒಳಗೆ ರಬ್ಬರಿನ ಡಯಾಫ್ರಾಂ, ಅಂದರೆ ದಾರಿ ಮುಚ್ಚುವ ತೆಳು ಪರದೆ ಉಂಟು. ಅದರಲ್ಲಿ ಒಂದು ಮಿಲಿಮೀಟರಿಗೂ ಸಣ್ಣದಾದ ತೂತು. ನಳ್ಳಿಯ ನೀರು ಆ ತೂತಿನಿಂದ ಡಯಾಫ್ರಾಂನ ಮೇಲ್ಭಾಗಕ್ಕೆ ಹೋಗಿ, ತನ್ನ ಒತ್ತಡದಿಂದಲೇ ಅದನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಕಾಯಿಲ್‌ಗೆ (ತಂತಿಯ ಸುರುಳಿಗೆ) ಕರೆಂಟ್ ಬಂದಾಗ ಅದರೊಳಗಿನ ಕಬ್ಬಿಣದ ಕಡ್ಡಿ, ಪ್ಲಂಜರ್, ಮೇಲೆದ್ದು, ನಡುವಿನ ಇನ್ನೊಂದು ತೂತು ತೆರೆದು, ಮೇಲಿದ್ದ ನೀರನ್ನು ಹೊರಕ್ಕೆ ಬಿಡುತ್ತದೆ. ಒತ್ತಡ ಇಳಿದು ಡಯಾಫ್ರಾಂ ಏಳುತ್ತದೆ, ಟಬ್‌ಗೆ ನೀರು ಬೀಳುತ್ತದೆ. ಸ್ಪ್ರಿಂಗ್ ಪ್ಲಂಜರನ್ನು ಕೆಳಗಿಳಿಸುತ್ತದೆ ಅಷ್ಟೇ, ದಾರಿ ಮುಚ್ಚುವ ಬಲ ನೀರಿನದ್ದು. ಸಣ್ಣ ತೂತಿಗೆ ಕೆಸರು ಕೂತಿತೋ, ಮೇಲ್ಭಾಗ ತುಂಬುವುದೇ ಇಲ್ಲ, ವಾಲ್ವ್ ತೆರೆದೇ ಇರುತ್ತದೆ.

ಕರಾವಳಿಯಲ್ಲಿ ಈ ಕೆಸರಿಗೆ ಬರಗಾಲವಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ, ಬೋರ್‌ವೆಲ್‌ಗಳಲ್ಲಿ ಕಬ್ಬಿಣದ ಅಂಶ ಇರುವ ಕಡೆ, ನೀರು ಗಾಳಿಗೆ ತಾಗಿದ ಮೇಲೆ ಕೆಂಪಾಗಿ ಲೋಳೆಯಂಥ ಕೆಸರು ಟ್ಯಾಂಕಿನ ತಳ ಸೇರುತ್ತದೆ. ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ಕಾರ್ಪೊರೇಷನ್ ನೀರಿಗೆ ಈ ಕಾಟ ಕಡಿಮೆ. ಆದರೆ ಬೇಸಗೆಯಲ್ಲಿ ಟ್ಯಾಂಕರ್ ನೀರು, ಬೋರ್ ನೀರು ಒಂದೇ ಸಂಪಿಗೆ ಸೇರುವ ಅಪಾರ್ಟ್‌ಮೆಂಟ್‌ಗಳಲ್ಲಿ ಅದನ್ನೂ ನೆಚ್ಚುವಂತಿಲ್ಲ. ವಾಲ್ವ್‌ನ ಬಾಯಲ್ಲಿರುವ ಸಣ್ಣ ಜಾಲಿ ಮರಳು ಹಿಡಿಯುತ್ತದೆ, ಲೋಳೆ ಹಿಡಿಯುವುದಿಲ್ಲ. ಜಾಲಿ ಕೆಂಪಗಿದ್ದರೆ ಒಳಗೂ ಹಾಗೇ ಎಂದು ತಿಳಿಯಿರಿ. ಹರಿದ ಜಾಲಿಯನ್ನು ಕಿತ್ತೆಸೆದು ಹಾಗೇ ಪೈಪ್ ಜೋಡಿಸುವವರೂ ಇದ್ದಾರೆ. ಹೊಸ ವಾಲ್ವ್ ಬೇಗ ಕೆಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಕೊಳ್ಳಲು ಹೋಗುವಾಗ ಹಳೆಯ ವಾಲ್ವ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದು ಕಾಯಿಲ್, ಎರಡು, ಮೂರು ಎಂದು ಬಗೆಗಳಿವೆ. ನೀರು ಹೊರಬರುವ ಮೂತಿ ನೇರ ಇರಬಹುದು, 90 ಡಿಗ್ರಿ ತಿರುಗಿರಬಹುದು. ಮೂತಿಯ ದಪ್ಪವೂ ಬೇರೆ ಬೇರೆ. ಪೈಪ್ ಜೋಡಿಸುವ ಮುಕ್ಕಾಲು ಇಂಚಿನ ಮರೆ (ಥ್ರೆಡ್) ಮಾತ್ರ ಬಹುಮಟ್ಟಿಗೆ ಎಲ್ಲದರಲ್ಲೂ ಒಂದೇ. ಕಾಯಿಲ್ ಮೇಲಿನ ಅಕ್ಷರ ಓದಿ: ಹೆಚ್ಚಿನವು 220–240 ವೋಲ್ಟ್ ಎಸಿ, ಕೆಲವು ಮಷಿನ್‌ಗಳಲ್ಲಿ ಕಡಿಮೆ ವೋಲ್ಟಿನ ಡಿಸಿ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕಾಯಿಲ್ ಜೊತೆ ಬೋರ್ಡನ್ನೂ ಕಳೆದುಕೊಳ್ಳಬೇಕಾದೀತು. ಅಂಗಡಿಯವರಲ್ಲಿ ಮಲ್ಟಿಮೀಟರ್ ಇರುತ್ತದೆ, ಅಳೆಯಲು ಹೇಳಿ. 230 ವೋಲ್ಟಿನ ಕಾಯಿಲ್ ಸುಮಾರು 3ರಿಂದ 5 ಕಿಲೋ ಓಂ ತೋರಿಸಬೇಕು. ಎರಡು ಕಾಯಿಲ್ ಇದ್ದರೆ ಎರಡೂ ಹತ್ತಿರ ಹತ್ತಿರ ಇರಬೇಕು. ಬಳಿಕ ನಳ್ಳಿ ಜೋಡಿಸುವ ಬಾಯಿಗೆ ಊದಿ ನೋಡಿ, ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ಅಗ್ಗದ ಮಾಲಿನಲ್ಲಿ ಕಾಯಿಲ್ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ ತೆಳ್ಳಗಿರುತ್ತದೆ. ಮಲ್ಪೆ, ಉಳ್ಳಾಲದಂಥ ಕಡೆ ಉಪ್ಪುಗಾಳಿಗೆ ತೆರೆದ ಬಾಲ್ಕನಿಯಲ್ಲಿ ಮಷಿನ್ ಇಟ್ಟವರು ಇದನ್ನು ಕಡೆಗಣಿಸಬಾರದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಹೊದಿಕೆ ಬಿರಿಯುತ್ತದೆ.

ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದುಂಟು: ಒತ್ತಡ. ವಾಲ್ವ್ ಮೇಲೆ ಅದು ಕೆಲಸ ಮಾಡುವ ಕನಿಷ್ಠ ಮತ್ತು ಗರಿಷ್ಠ ಒತ್ತಡ, 0.02–0.8 ಎಂಪಿಎ (ಮೆಗಾಪ್ಯಾಸ್ಕಲ್) ಎಂದೋ, 0.05–0.8 ಎಂದೋ ಬರೆದಿರುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 0.1 ಎಂಪಿಎ ಒತ್ತಡ. ಒಂದಂತಸ್ತಿನ ಮನೆಯ ತಾರಸಿ ಮೇಲೆ ಟ್ಯಾಂಕ್, ಕೆಳಗೆ ಮಷಿನ್ ಎಂದರೆ ನಡುವಿನ ಎತ್ತರ ಮೂರು ಮೀಟರ್ ಆದೀತು, ಅಂದರೆ 0.03. ಅಲ್ಲಿಗೆ 0.05ರ ವಾಲ್ವ್ ಹಾಕಿದರೆ ಡಯಾಫ್ರಾಂ ಗಟ್ಟಿಯಾಗಿ ಕೂರುವುದಿಲ್ಲ, ಹೊಸ ವಾಲ್ವೂ ಸೋರುತ್ತದೆ. ‘ಲೋಕಲ್ ಮಾಲು ಮಾರಾಯ್ರೆ, ಇಷ್ಟೇ’ ಎಂಬ ಬೈಗುಳ ಎಷ್ಟೋ ಸಲ ಈ ಕಾರಣಕ್ಕೇ ಬೀಳುವುದು. ಟ್ಯಾಂಕ್ ತಗ್ಗಿನಲ್ಲಿದ್ದವರು 0.02 ಎಂದು ಬರೆದದ್ದನ್ನೇ ಕೇಳಿ ಪಡೆಯಬೇಕು. ಬಹುಮಹಡಿ ಕಟ್ಟಡಗಳ ಕೆಳಗಿನ ಮನೆಗಳಲ್ಲಿ ಸಮಸ್ಯೆ ತಿರುಗಾಮುರುಗಾ. ಅಲ್ಲಿ ವಾಲ್ವ್ ಮುಚ್ಚುವಾಗ ಪೈಪ್ ‘ಧಡ್’ ಎಂದರೆ ಒತ್ತಡ ಜಾಸ್ತಿ ಎಂದು ತಿಳಿದು ನಳ್ಳಿಯನ್ನು ಅರ್ಧ ತಿರುಗಿಸಿಟ್ಟು ರಭಸ ತಗ್ಗಿಸಬಹುದು.

ಜೋಡಿಸುವುದು ಕಷ್ಟದ್ದಲ್ಲ. ಪ್ಲಗ್ ಕಿತ್ತು, ನಳ್ಳಿ ಮುಚ್ಚಿ, ಕಾಯಿಲ್‌ಗಳ ವಯರ್ ಬಣ್ಣದ ಫೋಟೋ ತೆಗೆದು, ಎರಡು ಸ್ಕ್ರೂ ಬಿಚ್ಚಿದರೆ ಮುಗಿಯಿತು. ವಾರಂಟಿ ಇದ್ದರೆ ಮಾತ್ರ ಕೈ ಹಾಕಬೇಡಿ.

ಪ್ಲಗ್ ಕಿತ್ತಾಗ ನೀರು ನಿಂತಿದ್ದರೆ ವಾಲ್ವ್ ಕೊಳ್ಳುವುದು ದಂಡ. ಆಗ ನೋಡಬೇಕಾದದ್ದು ಟಬ್‌ನ ತಳದಿಂದ ಸೆನ್ಸರ್‌ಗೆ ಹೋಗುವ ಸಪೂರ ಪ್ರೆಶರ್ ಪೈಪ್. ಟಬ್‌ನಲ್ಲಿ ನೀರು ಏರಿದಂತೆ ಈ ಪೈಪಿನೊಳಗಿನ ಗಾಳಿ ಒತ್ತಿಕೊಳ್ಳುತ್ತದೆ, ಅದರಿಂದಲೇ ಮಷಿನ್‌ಗೆ ನೀರಿನ ಮಟ್ಟ ಗೊತ್ತಾಗುವುದು. ಪೈಪಿಗೆ ಇಲಿ ಹಲ್ಲು ಹಾಕಿದ್ದರೆ ಅಥವಾ ತುದಿ ಸಡಿಲವಾಗಿದ್ದರೆ ಗಾಳಿ ಸೋರಿ, ತುಂಬಿದ ಟಬ್ಬೂ ಮಷಿನ್‌ನ ಲೆಕ್ಕಕ್ಕೆ ಖಾಲಿ. ಪೈಪ್ ಕಳಚಿ, ಒಂದು ತುದಿ ಬೆರಳಿನಿಂದ ಮುಚ್ಚಿ, ಬಾಲ್ದಿ ನೀರಿನಲ್ಲಿ ಮುಳುಗಿಸಿ ಊದಿ. ಗುಳ್ಳೆ ಎದ್ದಲ್ಲಿ ತೂತು. ಈ ಪೈಪ್ ಸುರುವಾಗುವ ಟಬ್ ಬುಡದ ಗಾಳಿಗೂಡಿನಲ್ಲಿ ಸೋಪಿನ ಕೆಸರು ಕಟ್ಟಿದರೂ ಇದೇ ರೋಗ. ಸೆನ್ಸರ್ ತುದಿ ಕಳಚಿದ ಮೇಲೆಯೇ ಟಬ್ ಕಡೆಗೆ ಊದಬೇಕು, ಸೆನ್ಸರ್ ಕಡೆಗೆ ಊದಬಾರದು. ತಿರುಗಿ ಜೋಡಿಸುವಾಗ ಟಬ್ ಪೂರ್ತಿ ಖಾಲಿ ಇರಬೇಕು. ನೀರಿರುವಾಗ ಜೋಡಿಸಿದರೆ ಆ ಮಟ್ಟವೇ ಸೊನ್ನೆ ಎಂದಾಗಿ, ರಿಪೇರಿ ಮಾಡಿದ ಮೇಲೂ ಮಷಿನ್ ತುಳುಕುತ್ತದೆ. ಬದಲಿ ಪೈಪಿಗೆ ಅಕ್ವೇರಿಯಂ ಪೈಪ್ ಹಾಕುವ ರೂಢಿ ಉಂಟು. ಅದು ಕಾಲ ಕಳೆದಂತೆ ಗಟ್ಟಿಯಾಗಿ ತುದಿಯಲ್ಲಿ ಸಡಿಲಾಗುತ್ತದೆ. ಅಳತೆಗೆ ಹೊಂದುವ ಸಿಲಿಕೋನ್ ಪೈಪ್ ಒಳ್ಳೆಯದು, ನಡುವೆ ನೀರು ನಿಲ್ಲುವ ಹಾಗೆ ಜೋಲು ಬಿಡಬೇಡಿ.

ಇನ್ನು ಸೆನ್ಸರ್. ಹಳೆಯ ಪ್ರೆಶರ್ ಸ್ವಿಚ್ ಊದಿದಾಗ ‘ಟಿಕ್’ ಎನ್ನುತ್ತಿತ್ತು, ಈಗಿನ ಮೂರು ವಯರಿನದ್ದು ಸದ್ದು ಮಾಡುವುದಿಲ್ಲ, ಅದು ಕೆಟ್ಟದ್ದರ ಲಕ್ಷಣವಲ್ಲ. ಒತ್ತಡ ಏರಿದಂತೆ ಅದು ಕಳುಹಿಸುವ ವಿದ್ಯುತ್ ಸಂಕೇತದ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಮಿಡಿತ ಎಂಬುದು) ಬದಲಾಗುತ್ತದೆ, ಬೋರ್ಡ್ ಅದನ್ನೇ ನೀರಿನ ಮಟ್ಟ ಎಂದು ಓದುತ್ತದೆ. ಲೋಕಲ್ ಸೆನ್ಸರ್ ಬೇಡ ಎನ್ನುವುದು ಇದಕ್ಕೇ. ಪಿನ್ ಹೊಂದಿತು, ಸ್ಕ್ರೂ ಹೊಂದಿತು, ಫ್ರೀಕ್ವೆನ್ಸಿ ಹೊಂದಲಿಲ್ಲ ಎಂದರೆ ಮಷಿನ್ ಒಂದೋ ಅರ್ಧಕ್ಕೇ ನಿಲ್ಲಿಸುತ್ತದೆ, ಇಲ್ಲವೇ ಕಂಠಮಟ್ಟ ತುಂಬಿಸುತ್ತದೆ. ಪಾರ್ಟ್ ನಂಬರ್ ನೋಡಿ ಕಂಪನಿಯದ್ದೇ ತನ್ನಿ. ಎಲ್‌ಜಿ ಮಷಿನ್‌ನ ಡಿಸ್‌ಪ್ಲೇಯಲ್ಲಿ ‘ಪಿಇ’ (PE) ಬಂದರೆ ಸೆನ್ಸರ್ ಕಡೆಯ ದೋಷ, ‘ಎಫ್‌ಇ’ (FE) ಎಂದರೆ ನೀರು ಮಿತಿಮೀರಿದೆ ಎಂದಷ್ಟೇ. ಸ್ಯಾಮ್‌ಸಂಗ್‌ನಲ್ಲಿ ಮಿತಿಮೀರಿದ್ದಕ್ಕೆ ‘ಓಇ’ (OE) ಅಥವಾ ‘ಓಸಿ’ (OC).

ಪೈಪ್, ಸೆನ್ಸರ್ ಎರಡೂ ಸರಿಯಿದ್ದು ನೀರು ನಿಲ್ಲದಿದ್ದರೆ ಮಾತ್ರ ಬೋರ್ಡಿನ ಮೇಲೆ ಗುಮಾನಿ. ವಾಲ್ವ್‌ಗೆ ಕರೆಂಟ್ ಬಿಡುವ ಟ್ರಯಾಕ್ ಶಾರ್ಟ್ ಆಗಿರಬಹುದು. ಅಲ್ಲಿ 230 ವೋಲ್ಟ್ ಇರುವುದರಿಂದ ಅಳೆಯುವುದು ತಿಳಿದವರ ಕೆಲಸ.

ಟಬ್ ತುಂಬದೇ ನೀರು ಎಳೆಯುತ್ತಲೇ ಇದ್ದರೆ ಅದು ಬೇರೆ ಕಥೆ. ಫ್ರಂಟ್ ಲೋಡ್‌ನ ಡ್ರೈನ್ ಪೈಪಿನ ತುದಿ ಬಚ್ಚಲಿನ ನೆಲಕ್ಕೆ ಬಿದ್ದಿದ್ದರೆ ಬಂದ ನೀರು ಬಂದ ಹಾಗೆ ಹರಿದು ಹೋಗುತ್ತದೆ. ಅದು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಟಾಪ್ ಲೋಡ್‌ನಲ್ಲಾದರೆ ಡ್ರೈನ್ ವಾಲ್ವ್‌ಗೆ ಅಂಗಿಯ ಬಟನ್ನೋ ಬೈರಾಸಿನ (ಟವೆಲ್) ನೂಲೋ ಸಿಕ್ಕಿಹಾಕಿಕೊಂಡಿರುತ್ತದೆ.

ವಾಲ್ವ್ ಜೊತೆಗೆ ಅಂಗಡಿಯವರು ತೋರಿಸುವ, ಬಿಳಿ ಗುಂಡುಗಳಿರುವ ‘ವಾಷಿಂಗ್ ಮಷಿನ್ ಫಿಲ್ಟರ್’ ಇಲ್ಲಿನ ಹೆಚ್ಚಿನ ಮನೆಗಳಿಗೆ ಬೇಡ. ಅದು ಗಡಸು ನೀರಿನ ಸುಣ್ಣಕ್ಕೆ ಮಾಡಿದ್ದು. ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೆದು, ನಮ್ಮ ಕಾಟ ಕಬ್ಬಿಣದ್ದು. 5 ಮೈಕ್ರಾನ್‌ನ ನೂಲಿನ ಫಿಲ್ಟರ್ ಕೆಸರು ಹಿಡಿಯುತ್ತದೆ, ಆದರೆ ಮೂರು ಮೀಟರ್ ಎತ್ತರದ ಟ್ಯಾಂಕಿನ ಒತ್ತಡವನ್ನೂ ನುಂಗಿಬಿಡುತ್ತದೆ. 60ರಿಂದ 100 ಮೈಕ್ರಾನ್‌ನ, ಬಿಚ್ಚಿ ತೊಳೆಯಬಹುದಾದ ಸ್ಟೀಲ್ ಜಾಲಿಯ ಫಿಲ್ಟರ್ ತೆಗೆದುಕೊಳ್ಳಿ. ಬಾವಿ ತಳ ಕಾಣುವ ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಅದನ್ನು ವಾರಕ್ಕೊಮ್ಮೆ ತೊಳೆಯಬೇಕಾದೀತು. ಕೆಂಪು ಹೋಗದಿದ್ದರೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಹಾಕಿ ಅರ್ಧ ಗಂಟೆ ನೆನೆಸಿಡಿ.