ಸ್ಕ್ರೀನ್ ನೋಡಿ ಸಹಿ ಹಾಕಬೇಡಿ: ಒಂದು ಅಡಿಕೆ ಸಂಘದ ಸಾಫ್ಟ್‌ವೇರ್ ಕೆಟ್ಟ ಬಗೆ

ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘ, ಹೆಸರು ಬೇಡ. ಆವಕದಿಂದ ಪಾವತಿವರೆಗಿನ ಕೆಲಸಕ್ಕೆಲ್ಲ ಹೊಸ ಸಾಫ್ಟ್‌ವೇರ್ ಮಾಡಿಸಿತು. ಹಂಗಾಮು ಅರ್ಧ ಕಳೆಯುವುದರೊಳಗೆ ಗುಮಾಸ್ತರು ಮತ್ತೆ ಪುಸ್ತಕ ತೆರೆದರು: ಹಗಲು ಕೈಯಲ್ಲಿ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವುದು, ಸಂಜೆ ಅದನ್ನೇ ಕಂಪ್ಯೂಟರಿಗೆ ತುಂಬುವುದು. ಬೈದದ್ದು ಕೋಡ್ ಬರೆದವರನ್ನು. ಆದರೆ ಅವರು ಸಂಘ ತಮ್ಮ ಕೈಗೆ ಕೊಟ್ಟ ಕೆಲಸದ ಹರಿವಿನ ನಕ್ಷೆಯಲ್ಲಿ ಇದ್ದದ್ದನ್ನೇ ಬರೆದಿದ್ದರು.

ಆ ನಕ್ಷೆ ಹುಟ್ಟಿದ್ದು ಕಾರ್ಯದರ್ಶಿಗಳ ಕೋಣೆಯಲ್ಲಿ, ಬೈಲಾ ಮತ್ತು ಹಳೇ ಪಟ್ಟಿಯ ನಮೂನೆ ಎದುರಿಗಿಟ್ಟುಕೊಂಡು. ಆವಕ, ತೂಕ, ಟೆಂಡರ್, ಪಟ್ಟಿ, ಪಾವತಿ. ಐದು ಡಬ್ಬಿ, ನೆಟ್ಟಗೆ ಒಂದು ಗೆರೆ. ಸ್ಕ್ರೀನುಗಳು ಚೆಂದವಾಗಿದ್ದವು, ಸಭೆ ಒಪ್ಪಿತು. ಗೋದಾಮಿಗೆ ಯಾರೂ ಇಳಿದಿರಲಿಲ್ಲ.

ಗೋದಾಮಿನಲ್ಲಿ ನಡೆಯುವುದು ಬೇರೆ. ಒಬ್ಬನೇ ಬೆಳೆಗಾರ ಒಂದೇ ಗಾಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಮೂರು ಬಗೆಯ ಅಡಿಕೆ ತರುತ್ತಾನೆ. ಒಂದು ಆವಕ ಮೂರು ಲಾಟ್ (ಬೇರೆ ಬೇರೆಯಾಗಿ ಮಾರುವ ಪಾಲು) ಆಗುತ್ತದೆ. ಟೆಂಡರಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ‘ಇರಲಿ, ಮುಂದಿನ ವಾರ ನೋಡುವ’ ಎಂದು ಎದ್ದು ಹೋಗುತ್ತಾನೆ, ಲಾಟ್ ಅಲ್ಲೇ ಉಳಿಯುತ್ತದೆ. ನಕ್ಷೆಯಲ್ಲಿ ಹಿಂದಕ್ಕೆ ಹೋಗುವ ಬಾಣವೇ ಇರಲಿಲ್ಲ. ಗುಮಾಸ್ತರು ಹಳೇ ಲಾಟ್ ಮುಚ್ಚಿ ಹೊಸ ನಂಬರ್ ಕೊಡತೊಡಗಿದರು, ಒಂದೇ ಅಡಿಕೆ ಆವಕದ ವರದಿಯಲ್ಲಿ ಎರಡು ಸಲ, ಮೂರು ಸಲ ಕಾಣಿಸಿತು. ತೂಕದ ಕತೆಯೂ ಹೀಗೇ. ಇಳಿಸುವಾಗ ಒಂದು ತೂಕ, ಖರೀದಿದಾರನಿಗೆ ಕೊಡುವಾಗ ಇನ್ನೊಂದು. ನಡುವೆ ಒಣಗಿ ಇಳಿದಿರುತ್ತದೆ. ಸಾಫ್ಟ್‌ವೇರಿನಲ್ಲಿ ‘ತೂಕ’ ಎಂದು ಒಂದೇ ಕಾಲಂ. ಎರಡನೆಯದು ಮೊದಲನೆಯದನ್ನು ಅಳಿಸುತ್ತಿತ್ತು. ‘ಇಳಿಸಿದ ದಿನ ಎಷ್ಟಿತ್ತು?’ ಎಂದು ಬೆಳೆಗಾರ ಕೇಳಿದರೆ ತೋರಿಸಲು ಏನೂ ಇಲ್ಲ.

ಹೆಚ್ಚು ದುಡ್ಡು ಕೈಬಿಟ್ಟದ್ದು ಮಾತ್ರ ಒಂದು ಸಣ್ಣ ಗುರುತಿನಿಂದ. ನಕ್ಷೆ ಬರೆದದ್ದು ಬಿಪಿಎಂಎನ್ 2.0 ಪದ್ಧತಿಯಲ್ಲಿ, ಅಂದರೆ ಕೆಲಸದ ಹರಿವನ್ನು ಡಬ್ಬಿ, ಬಾಣ, ವಜ್ರಾಕೃತಿಗಳಲ್ಲಿ ಬರೆಯುವ ಕ್ರಮದಲ್ಲಿ. ಇದು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆ 2011ರಲ್ಲಿ ಹೊರತಂದದ್ದು, 2013ರಿಂದ ಐಎಸ್‌ಒ ಮಾನಕವೂ ಹೌದು. ದರ ಒಪ್ಪಿದ ಮೇಲೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಕೊಡುವ ತೂಕ, ಮತ್ತು ಸಾಲ-ಮುಂಗಡದ ಕಡಿತ ಲೆಕ್ಕ. ಎರಡೂ ಮುಗಿದ ಮೇಲೇ ಪಾವತಿ. ಹಾಗಾಗಬೇಕಾದರೆ ದಾರಿ ಸೇರುವಲ್ಲಿ ಒಳಗೆ ಕೂಡು ಚಿಹ್ನೆ ಇರುವ ವಜ್ರಾಕೃತಿ ಬೇಕು, ಒಡೆಯುವಲ್ಲಿಯೂ ಅದನ್ನೇ ಇಡುವುದು ಒಳ್ಳೆಯದು. ಇವರು ಎರಡು ಬಾಣಗಳನ್ನು ನೇರವಾಗಿ ‘ಪಾವತಿ’ ಡಬ್ಬಿಗೆ ತಂದು ಚುಚ್ಚಿದ್ದರು. ಈ ಪದ್ಧತಿಯಲ್ಲಿ ಅದರ ಅರ್ಥ, ಬರುವ ಒಂದೊಂದು ಬಾಣಕ್ಕೂ ಡಬ್ಬಿ ಒಂದೊಂದು ಸಲ ಓಡುತ್ತದೆ. ತೂಕ ಮುಗಿದೊಡನೆ ಪೂರ್ತಿ ಹಣ ಖಾತೆಗೆ ಹೋಯಿತು. ಕಡಿತದ ಲೆಕ್ಕ ಮುಗಿದ ಮೇಲೆ ಇನ್ನೊಂದು ಸಲ.

ತಿದ್ದುಪಡಿ ಅದಕ್ಕಿಂತ ತಮಾಷೆ. ಸೇರುವಲ್ಲಿ ಮಾತ್ರ ಕೂಡು ಚಿಹ್ನೆ ಹಾಕಿದರು. ಒಡೆಯುವಲ್ಲಿ ‘ಸಾಲ ಇದ್ದರೆ ಮಾತ್ರ’ ಎಂಬ ಷರತ್ತು ಇಟ್ಟರು. ಸಾಲವಿಲ್ಲದ ಬೆಳೆಗಾರನ ಕಡಿತದ ದಾರಿ ಶುರುವಾಗುವುದೇ ಇಲ್ಲ, ಪಾವತಿ ಅದಕ್ಕಾಗಿ ಕಾಯುತ್ತಲೇ ಇರುತ್ತದೆ. ಸಾಲ ಮಾಡದವನಿಗೇ ದುಡ್ಡು ಸಿಗದ ಹಾಗಾಯಿತು. ಸರಳ ಪರಿಹಾರ: ಕಡಿತದ ದಾರಿ ಎಲ್ಲರಿಗೂ ಓಡಲಿ, ಸಾಲವಿಲ್ಲದಿದ್ದರೆ ಕಡಿತ ಸೊನ್ನೆ.

ಇಂಥದ್ದು ನಿಮ್ಮಲ್ಲಿ ಆಗಬಾರದೆಂದರೆ ಸ್ಕ್ರೀನ್ ನೋಡುವ ಮುಂಚೆಯೇ ಕೆಲಸದ ಬೆನ್ನು ಹತ್ತಬೇಕು. ಗಾಡಿ ಬಾಗಿಲಿಗೆ ಬಂದಲ್ಲಿಂದ ಹಣ ಖಾತೆ ಸೇರುವವರೆಗೆ ಕನಿಷ್ಠ ಮೂರು ಬಗೆಯ ಲಾಟ್ ಹಿಂಬಾಲಿಸಿ: ಅದೇ ದಿನ ಮಾರಿದ್ದು, ದರ ಒಪ್ಪದೆ ಉಳಿದದ್ದು, ನಡುವೆ ಒಡೆದದ್ದು. ತೂಕದವರು, ಹಮಾಲರು, ಟೆಂಡರ್ ಗುಮಾಸ್ತರು, ಸಾಲದ ವಿಭಾಗ, ಪ್ರತಿಯೊಬ್ಬರ ಹತ್ತಿರ ನಾಲ್ಕೇ ಪ್ರಶ್ನೆ: ಯಾವ ಚೀಟಿ ಬರುತ್ತದೆ, ಯಾವ ಚೀಟಿ ಹೋಗುತ್ತದೆ, ಬರದಿದ್ದರೆ ಏನು ಮಾಡುತ್ತೀರಿ, ತಪ್ಪಾಗಿ ಬಂದರೆ ಯಾರಿಗೆ ವಾಪಸ್? ಕೊನೆಯ ಎರಡಕ್ಕೆ ಆಫೀಸಿನಲ್ಲಿ ಉತ್ತರ ಸಿಗದು. ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ಬಿಡದೆ ಓದಿ. ನಿಯಮಕ್ಕೆ ಸಿಗದ ವ್ಯವಹಾರವೆಲ್ಲ ಅಲ್ಲಿರುತ್ತದೆ.

ನಕ್ಷೆ ಬರೆಯುವಾಗ ಒಬ್ಬೊಬ್ಬರಿಗೆ ಒಂದು ಪಟ್ಟೆ, ಅವರವರ ಕೆಲಸದ ಡಬ್ಬಿ ಅದರೊಳಗೆ. ಡಬ್ಬಿಯ ಹೆಸರು ಕ್ರಿಯೆಯಾಗಿರಲಿ: ‘ತೂಕ ವಿಭಾಗ’ ಅಲ್ಲ, ‘ಲಾಟ್ ತೂಗು’. ಒಂದು ಹಾಳೆಯಲ್ಲಿ ಹದಿನೈದು ಡಬ್ಬಿ ದಾಟಿದರೆ ಒಡೆದು ಒಳನಕ್ಷೆ ಮಾಡಿ. ಬೆಳೆಗಾರ, ಖರೀದಿದಾರ ಸಂಘದ ಹೊರಗಿನವರು. ಅವರಿಗೆ ಪ್ರತ್ಯೇಕ ಚೌಕಟ್ಟು, ನಡುವೆ ಹೋಗುವುದು ತುಂಡುಗೆರೆಯ ಸಂದೇಶ ಬಾಣ ಮಾತ್ರ. ಈಗ ನಡೆಯುತ್ತಿರುವುದನ್ನೂ ಮುಂದೆ ನಡೆಯಬೇಕಾದದ್ದನ್ನೂ ಒಂದೇ ಹಾಳೆಯಲ್ಲಿ ಬೆರೆಸಲೇಬೇಡಿ. ಬೆರೆಸಿದ ಹಾಳೆಯಲ್ಲಿ ಯಾವ ಡಬ್ಬಿ ನಿಜ, ಯಾವುದು ಆಸೆ ಎಂದು ಕೋಡ್ ಬರೆಯುವವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಆಮೇಲೆ ಕಳೆದ ಹಂಗಾಮಿನ ಹತ್ತು ಹಳೇ ಪಟ್ಟಿ ತೆಗೆದು, ದೊಡ್ಡ ಹಾಳೆಯ ಮೇಲೆ ಹುಣಸೆಬೀಜ ಇಟ್ಟು ಒಂದೊಂದನ್ನೂ ನಡೆಸಿ ನೋಡಿ. ಕೂಡು ಚಿಹ್ನೆ ಒಡೆಯುವಲ್ಲಿ ಬೀಜ ಎರಡಾಗುತ್ತದೆ, ಸೇರುವಲ್ಲಿ ಎರಡೂ ಬಂದರಷ್ಟೇ ಒಂದಾಗಿ ಮುಂದೆ ಹೋಗುತ್ತದೆ. ಕೊನೆಗೆ ಎರಡು ಬೀಜ ಪಾವತಿಗೆ ಬಂದರೆ, ಅಥವಾ ಒಂದು ನಡುವೆ ಸಿಕ್ಕಿಬಿದ್ದರೆ, ಕೋಡ್ ಬರೆಯುವ ಹೊತ್ತು ಬಂದಿಲ್ಲ. ಈ ಸಂಘದ ಎರಡೂ ತಪ್ಪು ಮೊದಲ ಪಟ್ಟಿಗಳಲ್ಲೇ ಸಿಗುತ್ತಿದ್ದವು.

ಒಪ್ಪಂದದಲ್ಲಿ ಎರಡು ಸಾಲು ಸೇರಿಸಿ. ಮೊದಲ ಕಂತು ಬಿಡುಗಡೆಯಾಗುವುದು ಈಗಿನ ಕೆಲಸದ ನಕ್ಷೆಗೆ ಕಾರ್ಯದರ್ಶಿಗಳ ಜೊತೆ ತೂಕದವರೂ ಪಟ್ಟಿ ಗುಮಾಸ್ತರೂ ಸಹಿ ಹಾಕಿದ ಮೇಲೆ. ಮತ್ತು ನಕ್ಷೆ ಪಿಡಿಎಫ್ ಆಗಿ ಮಾತ್ರವಲ್ಲ, ಬಿಪಿಎಂಎನ್ ಕಡತವಾಗಿಯೇ ಸಂಘದ ಕೈಗೆ ಬರಬೇಕು. ಗುತ್ತಿಗೆದಾರ ಬದಲಾದರೂ ಕಮುಂಡಾ ಮಾಡೆಲರ್‌ನಂಥ ಉಚಿತ ಸಾಧನದಲ್ಲಿ ಅದನ್ನು ತೆರೆದು ತಿದ್ದಬಹುದು.