ಎಲೆಕ್ಟ್ರಿಕ್ ಗಿಟಾರಿಗೆ ಒಂಬತ್ತರ ಸೆಟ್ಟೋ, ಹತ್ತರ ಸೆಟ್ಟೋ?

ನನ್ನ ವೋಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡ್ತೀನಿ: 10-46 (ಸೆಟ್ಟಿನ ಅತಿ ತೆಳು ತಂತಿ 0.010 ಇಂಚು, ಅತಿ ದಪ್ಪದ್ದು 0.046; ಒಂಬತ್ತರದ್ದು 0.009ರಿಂದ ಶುರು), ಡಿ'ಅಡಾರಿಯೋ ಕಂಪನಿಯ ಇಎಕ್ಸ್‌ಎಲ್110, ಕೋಟಿಂಗ್ ಇಲ್ಲದ ಸಾದಾ ತಂತಿ. ತುಮಕೂರು, ಗುಬ್ಬಿ, ಸಿರಾ ಕಡೆ ರಿಸೆಪ್ಷನ್ನು, ಗಣೇಶನ ಪೆಂಡಾಲು ಅಂತ ಓಡಾಡೋ ಆರ್ಕೆಸ್ಟ್ರಾದಲ್ಲಿ ನಾನು ರಿದಮ್ ಗಿಟಾರ್. ಕೈ ಒರಟು. ಸ್ಟೇಜಲ್ಲಿ ಡ್ರಮ್ಸ್ ಜೋರಾದರೆ ನನ್ನ ಪಿಕ್ಕೂ ಜೋರಾಗುತ್ತೆ.

ನಮ್ಮ ಲೀಡ್ ಗಿಟಾರಿಸ್ಟ್ ಹೊಗಳಿದ ಅಂತ ಒಂದು ಸಲ 9-42 ತಂದು ಹಾಕಿದೆ. ಬೆಂಡ್ ಮಾಡೋಕೆ, ಅಂದರೆ ತಂತಿಯನ್ನ ಬೆರಳಲ್ಲಿ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋಕೆ, ಬೆಣ್ಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ಯೂನ್ ಮಾಡಿ ಎಫ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಹಿಡಿದರೆ ದಪ್ಪ ತಂತಿಗಳು ಜಿರ್ರ್ ಅಂದವು. ಕೆಳಗಿನ, ಅಂದರೆ ಗಿಟಾರಿನ ತಲೆ ಕಡೆಯ, ನಾಲ್ಕೈದು ಫ್ರೆಟ್‌ಗಳಲ್ಲಿ (ಲೋಹದ ಅಡ್ಡಪಟ್ಟಿಗಳಲ್ಲಿ) ಮಾತ್ರ. ಹನ್ನೆರಡರಿಂದ ಆಚೆಗೆ ಸ್ವಚ್ಛ.

ಕಾರಣ ತಂತಿಯ ಎಳೆತ. 25.5 ಇಂಚಿನ ಸ್ಕೇಲಿನ (ತಂತಿ ಆಡೋ ಉದ್ದದ) ಗಿಟಾರಲ್ಲಿ ಹತ್ತರ ಸೆಟ್ ನೆಕ್ಕನ್ನು, ಅಂದರೆ ಗಿಟಾರಿನ ಕತ್ತನ್ನು, ಸುಮಾರು 103 ಪೌಂಡಿನಷ್ಟು ಎಳೆಯುತ್ತೆ, ಒಂಬತ್ತರದ್ದು ಸುಮಾರು 85. ಮುಂದಿನ ಎಳೆತ ಇಳಿದರೂ ನೆಕ್ಕಿನ ಒಳಗಿರೋ ಲೋಹದ ಸರಳು, ಟ್ರಸ್ ರಾಡ್, ಹಳೇ ಬಿಗಿಯಲ್ಲೇ ಹಿಂದಕ್ಕೆ ಜಗ್ಗುತ್ತಿರುತ್ತೆ. ತಂತಿ ಆಡೋಕೆ ಜಾಗ ಬೇಕು ಅಂತ ನೆಕ್ಕಿಗೆ ಒಂದು ಸಣ್ಣ ಬಾಗು ಇಟ್ಟಿರುತ್ತಾರಲ್ಲ, ಅದು ಮಾಯ. ಬ್ರಿಡ್ಜ್ (ಬುಡದಲ್ಲಿ ತಂತಿ ಕೂರೋ ಭಾಗ) ಎತ್ತು ಮಾರಾಯ ಅಂತ ಎಲ್ಲರೂ ಹೇಳಿದರು. ಎತ್ತಿದರೆ ಮೇಲಿನ ಫ್ರೆಟ್‌ಗಳಲ್ಲಿ ತಂತಿ ದೂರವಾಗಿ ಬೆರಳು ನೋಯುತ್ತೆ, ಕೆಳಗಿನ ಜಿರ್ರು ಹೆಚ್ಚುಕಡಿಮೆ ಹಾಗೇ ಇರುತ್ತೆ.

ಅಳೆದು ನೋಡೋದೇ ದಾರಿ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ, ದಪ್ಪ ತಂತಿಯನ್ನ ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಎಂಟನೇ ಫ್ರೆಟ್‌ಗೂ ತಂತಿಗೂ ನಡುವಿನ ಸಂದು ನೋಡಬೇಕು. ಗಿಟಾರ್ ಕಂಪನಿ ಫೆಂಡರ್‌ನವರು 9.5ರಿಂದ 12 ಇಂಚು ರೇಡಿಯಸ್ಸಿನ (ಬೆರಳಿಡೋ ಹಲಗೆಯ ಅಡ್ಡ ಉಬ್ಬಿನ ಅಳತೆ) ನೆಕ್ಕಿಗೆ 0.010 ಇಂಚು ಅನ್ನುತ್ತಾರೆ, ಅಂದರೆ ಕಾಲು ಮಿಲಿಮೀಟರ್. ಇದಕ್ಕೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜೇ ಸಾಕು. ನನ್ನ ಗಿಟಾರಲ್ಲಿ ಗೇಜಿನ ಅತಿ ತೆಳು ಎಲೆ, 0.05 ಮಿಲಿಮೀಟರಿನದ್ದೂ, ತಂತಿಯನ್ನ ಎತ್ತದೆ ಒಳಗೆ ಹೋಗಲಿಲ್ಲ. ಟ್ರಸ್ ರಾಡಿಗೆ ಅಲೆನ್ ಕೀ ಹಾಕಿ ಗಡಿಯಾರದ ಎದುರು ದಿಕ್ಕಿಗೆ ಕಾಲು ಸುತ್ತು ಸಡಿಲಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆದೆ. ಒಮ್ಮೆಲೇ ಜಾಸ್ತಿ ತಿರುಗಿಸೋ ಧೈರ್ಯ ಬೇಡ.

ಮನೆಯಲ್ಲಿ ಜಿರ್ರು ನಿಂತಿತು. ಸ್ಟೇಜಲ್ಲಿ ಮತ್ತೆ ಶುರು, ಯಾಕಂದರೆ ಸಡಿಲ ತಂತಿಗೆ ಜೋರಾಗಿ ಹೊಡೆದರೆ ಅದು ಅಗಲವಾಗಿ ಆಡಿ ಫ್ರೆಟ್‌ಗೆ ಬಡಿಯುತ್ತೆ. ಅದರ ಮೇಲೆ, ಹೊಡೆದ ಕ್ಷಣಕ್ಕೆ ಶ್ರುತಿಯೂ ಒಂಚೂರು ಮೇಲೆ ಹಾರುತ್ತೆ. ಕೀಬೋರ್ಡಿನವರು ನನ್ನ ಕಡೆ ತಿರುಗಿ ನೋಡೋದು ಆಗಲೇ.

ಹತ್ತರ ಸೆಟ್ ವಾಪಸ್ ಹಾಕಿದಾಗ ರಾಡನ್ನು ಸಡಿಲಿಸಿದಷ್ಟೇ ಬಿಗಿ ಮಾಡಿದೆ. ಕೆಲಸ ಮುಗೀತು. ಈ ಕಂಪನಿಯ ಸೆಟ್ಟಲ್ಲಿ ಇನ್ನೊಂದು ಸುಖ: ತಂತಿ ತುದಿಯ ಗುಂಡುಗಳಿಗೆ ಬೇರೆ ಬೇರೆ ಬಣ್ಣ. ಪೆಂಡಾಲಿನ ಹಿಂದೆ ಅರೆಗತ್ತಲಲ್ಲಿ ಜಿ ತಂತಿ ಹರಿದರೆ ಹಸಿರು ಗುಂಡು ಹುಡುಕಿದರೆ ಆಯ್ತು.

ಕೋಟಿಂಗ್ ಇರೋ ತಂತಿ ಬೆವರಿಗೆ ಬೇಗ ತುಕ್ಕು ಹಿಡಿಯಲ್ಲ, ನಿಜ. ಆದರೆ ಅದರ ದುಡ್ಡಿಗೆ ಸಾದಾ ಸೆಟ್ ಎರಡು ಬರುತ್ತೆ, ನನ್ನ ತಂತಿ ತುಕ್ಕು ಹಿಡಿಯೋ ಮೊದಲೇ ಹರಿಯುತ್ತೆ.

ಎಲ್ಲಾ ಜಿರ್ರಿಗೂ ತಂತಿ ದಪ್ಪವೇ ಕಾರಣ ಅಲ್ಲ. ಬೆರಳಿಡದ ತಂತಿ ಮಾತ್ರ ಜಿರ್ರಂದರೆ ನಟ್ಟಿನ (ತಲೆ ಕಡೆ ತಂತಿ ಕೂರೋ ಪಟ್ಟಿಯ) ಕಚ್ಚು ಆಳವಾಗಿದೆ. ಚಿಟಿಕೆ ಅಡುಗೆ ಸೋಡಾ, ಮೇಲೊಂದು ಹನಿ ಫೆವಿಕ್ವಿಕ್, ಒಣಗಿದ ಮೇಲೆ ಸಣ್ಣ ಅರದಲ್ಲಿ ತಿದ್ದಬೇಕು. ಒಂದೇ ಫ್ರೆಟ್‌ನಲ್ಲಿ ಬಂದರೆ ಎಟಿಎಂ ಕಾರ್ಡಿನ ಅಂಚನ್ನ ಮೂರು ಫ್ರೆಟ್ ಮೇಲೆ ಇಟ್ಟು ನೋಡಿ. ಅಲ್ಲಾಡಿದರೆ ನಡುವಿನದು ಎತ್ತರ, ಅದನ್ನ ಕೆಲಸ ಗೊತ್ತಿರೋರಿಗೇ ಕೊಡಿ. ಆಂಪಲ್ಲಿ ಕೇಳಿಸದ ಜಿರ್ರಿಗೆ ನಾನು ತಲೆ ಕೆಡಿಸಿಕೊಳ್ಳಲ್ಲ.

ಮನೆಯಲ್ಲಿ ಮೆದುವಾಗಿ ಲೀಡ್ ನುಡಿಸೋರು ಒಂಬತ್ತನ್ನೇ ಹಾಕಿ. ನಮ್ಮ ಗಾಯಕರಿಗೋ ಗಂಟಲು ಕಟ್ಟಿದ ದಿನ ಎಲ್ಲಾ ತಂತಿಯ ಶ್ರುತಿಯನ್ನೂ ಹಾಫ್ ಸ್ಟೆಪ್, ಅಂದರೆ ಅರ್ಧ ಸ್ವರ, ಇಳಿಸಬೇಕು. ಹತ್ತರ ಸೆಟ್ ಆಗಲೂ ಗಟ್ಟಿಯಾಗೇ ಇರುತ್ತೆ.